ಮೂಗುದಾರ ಎಷ್ಟು ಸಡಿಲ?

ಹಿರಿಯೂರು

ಪ್ರೀತಿಯ ಗೆಳೆಯರೇ,

ಹೊಸದುರ್ಗದಿಂದ ನೀವು ಬರೆದ ಕಾಗದ ತಲುಪಿತು. ಮಗಳು ಬಾಹ್ಯಾಕಾಶದ ರೋಬಾಟ್ ಮಾಡುವ ಓದು ಓದುತ್ತಾಳಂತೆ, ಅದು ನಮ್ಮ ಕಡೆಯವರಿಗೆ ದೂರದ ಮಾತಲ್ಲವೇ ಎಂದಿದ್ದೀರಿ. ಅಷ್ಟೇನೂ ದೂರವಿಲ್ಲ. ಆ ಯಂತ್ರಗಳು ಪಾಠ ಕಲಿತದ್ದು ನಮ್ಮ ಜಿಲ್ಲೆಯಲ್ಲೇ.

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತು. ಅವುಗಳ ಮೇಲೆ ವಿಮಾನ ಹಾರಿಸಿ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷಿಸಿತು. ಗುಂಡಿ ಯಾವುದು, ಇಳಿಯಬಹುದಾದ ನೆಲ ಯಾವುದು ಎಂದು ಯಂತ್ರಕ್ಕೇ ತಿಳಿಯಬೇಕಿತ್ತು. ಚಂದ್ರನಿಗೆ ನಮ್ಮ ಮಾತು ಮುಟ್ಟಿ ಉತ್ತರ ಬರಲು ಎರಡೂವರೆ ಸೆಕೆಂಡು ಬೇಕು. 2023ರ ಆಗಸ್ಟ್ 23ರಂದು ಇಳಿಯಲು ಹೊರಟ ವಿಕ್ರಮ್ ಲ್ಯಾಂಡರಿನ ವೇಗ ಸೆಕೆಂಡಿಗೆ 1.68 ಕಿಲೋಮೀಟರ್. ಕೇಳಿ ತಿಳಿಯುವಷ್ಟರಲ್ಲಿ ನಾಲ್ಕು ಕಿಲೋಮೀಟರ್ ದಾಟಿಬಿಡುತ್ತದೆ. ಹಾಗಾಗಿ ಇಳಿಯುವ ನಿರ್ಧಾರಗಳೆಲ್ಲ ಅದರದ್ದೇ.

ಅದು ಹೊತ್ತೊಯ್ದ ಪ್ರಜ್ಞಾನ್ ರೋವರ್ ಹಾಗಲ್ಲ. ಸೆಕೆಂಡಿಗೆ ಒಂದು ಸೆಂಟಿಮೀಟರ್ ನಡೆಯುತ್ತಿದ್ದ 26 ಕಿಲೋ ಬಂಡಿ ಅದು, ಕಾಯಬಲ್ಲದಾಗಿತ್ತು. ಅದರ ಕ್ಯಾಮೆರಾ ಕಂಡದ್ದನ್ನು ಇಲ್ಲಿಯವರು ನೋಡಿ ದಾರಿ ಹೇಳುತ್ತಿದ್ದರು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಹಿಂದಿರುಗು ಎಂದರು, ಹಿಂದಿರುಗಿತು.

ಹೊಸ ಹೋರಿ ಪಳಗಿಸುವುದನ್ನು ನೀವು ಕಂಡವರು. ಮೂಗುದಾರ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತಿಳಿಯುವುದೇ ಅಲ್ಲಿನ ವಿದ್ಯೆ. ಇಲ್ಲೂ ಅಷ್ಟೇ.

ಸಡಿಲ ಬಿಡುವ ಮುನ್ನ ಕಷ್ಟವನ್ನು ಹಂತಹಂತವಾಗಿ ಹೆಚ್ಚಿಸುತ್ತಾರೆ. ಚಳ್ಳಕೆರೆಯದೇ ಪರೀಕ್ಷಾ ಕೇಂದ್ರದಲ್ಲಿ 'ಪುಷ್ಪಕ್' ಎಂಬ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟಿತು. 2024ರ ಮಾರ್ಚಿನಲ್ಲಿ ರನ್‌ವೇಯ ನೇರಕ್ಕಿಂತ 150 ಮೀಟರ್ ಪಕ್ಕಕ್ಕೆ, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ, ಅದೂ ಇನ್ನಷ್ಟು ಬಿರುಸಾದ ಗಾಳಿಯಲ್ಲಿ. ನಿಮ್ಮೂರ ಗುಡ್ಡದ ಗಾಳಿಯಂತ್ರ ತಿರುಗಿಸುವ ಗಾಳಿ ಎಂಥದೆಂದು ನಿಮಗೇ ಗೊತ್ತು. ಚಾಲಕನಿಲ್ಲದ ಪುಷ್ಪಕ್ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ರನ್‌ವೇಯ ನಡುಗೆರೆಗೆ ಇಳಿಯಿತು.

ಮಗಳನ್ನು ಓದಿಸಿ. ಯಾವ ನಿರ್ಧಾರ ಯಂತ್ರದ್ದು, ಯಾವುದು ತನ್ನದು ಎಂದು ವಿಂಗಡಿಸುವುದನ್ನು ಅವಳು ಮೊದಲು ಕಲಿಯಲಿ. ಈ ಕೇಂದ್ರಗಳಿಗಾಗಿ ಬೇಲಿ ಹಾಕಿದ ಹುಲ್ಲುಗಾವಲುಗಳಲ್ಲಿ ಮೇವಿನ ನೆಲ ಕಳೆದುಕೊಂಡ ಕುರಿಗಾಹಿಗಳನ್ನೂ ಮರೆಯದಿರಲಿ; ಆ ಋಣವೂ ಅವಳ ಓದಿನ ಭಾಗವೇ.

ಮುಂದಿನ ಸಲ ಹಿರಿಯೂರಿಗೆ ಬಂದಾಗ ಅವಳನ್ನೂ ಕರೆತನ್ನಿ.

ಇಂತಿ ನಿಮ್ಮ
ಗೆಳೆಯ