ಹೊಳೆದಾಸವಾಳಕ್ಕೆ ಗರಗಸ

ತಿಲಕವಾಡಿಯ ನಮ್ಮ ಮನೆಯ ಮುಂದಿರುವ ಹೊಳೆದಾಸವಾಳಕ್ಕೆ ಈಗ ನಾಲ್ಕು ವರ್ಷ. ಸಸಿಯನ್ನು ಖಾನಾಪುರದಿಂದ ತಂದದ್ದು. ಪಶ್ಚಿಮ ಘಟ್ಟದ ಹಳ್ಳಕೊಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಈ ಮರ ಬೇಸಿಗೆಯಲ್ಲಿ ನೇರಳೆ ಹೂಗೊಂಚಲುಗಳನ್ನು ಹೊರುತ್ತದೆ. ನಮ್ಮ ಮರಾಠಿ ನೆರೆಯವರಿಗೆ ಇದು ‘ತಾಮ್ಹಣ’. ಮಹಾರಾಷ್ಟ್ರದ ರಾಜ್ಯಪುಷ್ಪವೂ ಹೌದು. ಗಡಿಯ ವಿಷಯದಲ್ಲಿ ನಮ್ಮೂರಿನಲ್ಲಿ ಎಷ್ಟೇ ವಾದವಿರಲಿ, ಈ ಹೂವಿನ ಬಗ್ಗೆ ತಕರಾರು ತೆಗೆದವರನ್ನು ನಾನು ಕಂಡಿಲ್ಲ.

ಕಳೆದ ಮಳೆಗಾಲದಲ್ಲಿ ಗಮನಿಸಿದೆ: ಎದೆಯೆತ್ತರದಲ್ಲಿ ಕಾಂಡ ಇಬ್ಭಾಗವಾಗಿ, ಎರಡು ಟೊಂಗೆಗಳು ಸಮಬಲದಿಂದ ಮೇಲೇರುತ್ತಿದ್ದವು. ನಡುವಿನ ಸಂದು ಬಹಳ ಇಕ್ಕಟ್ಟು. ಇಂಥ ಕವಲಿನಲ್ಲಿ ತೊಗಟೆ ಒಳಗೇ ಸಿಕ್ಕಿಕೊಂಡು ಎರಡೂ ಟೊಂಗೆಗಳು ಗಟ್ಟಿಯಾಗಿ ಬೆಸೆದುಕೊಳ್ಳುವುದಿಲ್ಲ. ಮರ ದೊಡ್ಡದಾದ ಮೇಲೆ ಆಷಾಢದ ಗಾಳಿಗೆ ಸೀಳುವುದು ಅಲ್ಲಿಯೇ. ಟೊಂಗೆ ಮಣಿಕಟ್ಟಿನಷ್ಟು ದಪ್ಪವಿರುವಾಗಲೇ ಒಂದನ್ನು ತೆಗೆದುಬಿಡಬೇಕು.

ಇದೆಲ್ಲ ತಿಳಿದಿದ್ದರೂ ಕೈ ಏಳಲಿಲ್ಲ. ಅದಕ್ಕೊಂದು ಹಳೆಯ ಕಾರಣವಿದೆ.

1994ರಲ್ಲಿ ನಾನು ಖಾನಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೆ. ಅಂಗಳದಲ್ಲಿ ಇದೇ ಜಾತಿಯ ಎಳೆಯ ಮರವಿತ್ತು. ಹತ್ತನೆಯ ತರಗತಿಯ ಮಕ್ಕಳು ಎಂಟನೆಯ ತರಗತಿಯಿಂದಲೂ ಬಾವಿಯ ನೀರು ಹೊತ್ತು ಅದನ್ನು ಉಳಿಸಿಕೊಂಡಿದ್ದರು. “ರಿಸಲ್ಟ್ ನೋಡಲಿಕ್ಕೆ ಬಂದಾಗ ಹೂವನ್ನೂ ನೋಡಿಕೊಂಡು ಹೋಗ್ರಿ” ಎಂದು ನಾನೇ ಹೇಳಿದ್ದೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ, ಮರ ಛತ್ರಿಯಂತೆ ದುಂಡಗಿರಲೆಂಬ ಆಸೆಯಿಂದ, ಸುತ್ತಲಿನ ತುದಿಗಳನ್ನೆಲ್ಲ ಕತ್ತರಿಸಿ ಸಮ ಮಾಡಿದೆ. ಹೊಳೆದಾಸವಾಳ ಹೂ ಬಿಡುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ನಾನು ನೆಲಕ್ಕೆ ಕೆಡವಿದ್ದು ಹೂವನ್ನೇ. ಮೇ ತಿಂಗಳಲ್ಲಿ ಬಂದ ಹುಡುಗನೊಬ್ಬ ಮರವನ್ನು ನೋಡಿ, “ಹೂ ಎಲ್ಲಿ ಅದಾವ್ರಿ ಸರ್?” ಎಂದ. ಫಲಿತಾಂಶದ ಪಟ್ಟಿಯತ್ತ ಕೈ ತೋರಿಸಿ ಮಾತು ಮರೆಸಿದೆ. ಪಾಸಾದವರ ಆ ಪಟ್ಟಿಯಲ್ಲಿ ಅವನ ನಂಬರು ಇರಲಿಲ್ಲ.

ಈ ಸಲ ಎಲೆಗಳು ಕೆಂಪಾಗಿ ಉದುರುವವರೆಗೆ ಕಾದೆ. ಫೆಬ್ರವರಿಯಲ್ಲಿ, ಚಿಗುರೊಡೆಯುವ ಮುನ್ನ, ಕೈಗರಗಸ ಹಿಡಿದೆ. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಈ ಕೆಲಸಕ್ಕೆ ‘ಚಾಟ್ನಿ’ ಎನ್ನುತ್ತಾರೆ. ಅವರದು ವರ್ಷಕ್ಕೆ ಎರಡು ಬಾರಿ, ನಿರ್ದಾಕ್ಷಿಣ್ಯವಾದ ಕೆಲಸ. ಹೂಮರಕ್ಕೆ ಅಷ್ಟು ಬೇಡ. ತುಸು ವಾಲಿದ್ದ ಟೊಂಗೆಯನ್ನು ಆರಿಸಿಕೊಂಡು, ಕವಲಿನಿಂದ ಒಂದಡಿ ಮೇಲೆ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದು ಭಾರ ಇಳಿಸಿದೆ. ಹಾಗೆ ಮಾಡದಿದ್ದರೆ ಟೊಂಗೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಉಳಿದ ಮೋಟನ್ನು, ನಿಲ್ಲಬೇಕಾದ ಕಾಂಡಕ್ಕೆ ತಾಗದಂತೆ, ಓರೆಯಾಗಿ ಕೊಯ್ದೆ.

ಗಾಯಕ್ಕೆ ಸೆಗಣಿ ಬಳಿಯಬೇಕೆಂದು ನೆರೆಯವರು ಹೇಳಿದರು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಲೇಪಗಳು ಕೊಳೆಯುವುದನ್ನು ತಡೆಯುವುದಿಲ್ಲ, ಮರವೇ ಗಾಯದ ಸುತ್ತ ಒಳಗೋಡೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟವರು. ನಾನು ಏನೂ ಹಚ್ಚಲಿಲ್ಲ.

ಆ ಹುಡುಗ ಮುಂದೆ ಪಾಸಾದ. ಈಗ ಖಾನಾಪುರದ ಹತ್ತಿರ ಗದ್ದೆ ಮಾಡಿಕೊಂಡಿದ್ದಾನೆ. ಮೊನ್ನೆ ಫೋನ್ ಮಾಡಿ, ಮೇ ತಿಂಗಳಲ್ಲಿ ಒಮ್ಮೆ ಮನೆಗೆ ಬಾ ಎಂದೆ. “ಏನ್ ವಿಶೇಷ ಐತ್ರಿ ಸರ್?” ಎಂದ. ಹೇಳಲಿಲ್ಲ. ಚಿಗುರು ಗೇಣುದ್ದ ಬಂದಿದೆ. ಮೊಗ್ಗು ಇನ್ನೂ ಕಂಡಿಲ್ಲ.