ಎಂಟರಲ್ಲಿ ಎರಡು ಕಡಿಮೆ

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಹೋದ ಡಿಸೆಂಬರಿನ ಕೊನೇ ವಾರ ಎಂಟು ಮಂದಿ ಅತಿಥಿಗಳು ಬಂದರು. ಎಂಟನ್ನೂ ಒಟ್ಟಿಗೆ ತೂಗಿದರೂ ಒಂದು ಬಿಸ್ಕತ್ತಿನ ಪೊಟ್ಟಣದಷ್ಟು ಭಾರವಿರಲಿಲ್ಲ. ಮೈಮೇಲೆ ಕಂದು ಗೆರೆ, ಹಳದಿ ತುಪ್ಪುಳು, ನಿಂತಲ್ಲಿ ನಿಲ್ಲದ ಕಾಲು. ಐದನೇ ತರಗತಿಯ ನನ್ನ ಮೊಮ್ಮಗಳು ಎರಡು ವರ್ಷದಿಂದ ನಾಯಿಮರಿ ಬೇಕೆಂದು ಹಟ ಹಿಡಿದಿದ್ದಳು. ನನ್ನ ಹೆಂಡತಿ ಒಪ್ಪಿರಲಿಲ್ಲ. ಕುರುಗೋಡಿನ ಕಡೆ ಕೆಲಸಕ್ಕೆ ಹೋಗಿದ್ದ ಮಗ, ಅಲ್ಲಿ ಹಕ್ಕಿ ಸಾಕುವ ರೈತರೊಬ್ಬರಿಂದ ಇವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ತಂದುಬಿಟ್ಟ.

“ಕೋಳಿಮರಿ ಅಲ್ಲ ತಾತ, ಇವು ಕ್ವೇಲ್” ಎಂದಳು ಮೊಮ್ಮಗಳು.

ಪೇಟೆಯಲ್ಲಿ ಇದಕ್ಕೆ ಗೌಜಲಕ್ಕಿ ಎನ್ನುತ್ತಾರೆ. ತೆಲುಗು ಮಾತಾಡುವ ನಮ್ಮ ಪಕ್ಕದ ಮನೆಯವರು ‘ಕೌಜು ಪಿಟ್ಟ’ ಎಂದರು. ಹಳೆಯ ಕನ್ನಡದಲ್ಲಿ ಇದರ ಬಳಗದ ಹಕ್ಕಿಗೆ ಲಾವುಗೆ ಎಂಬ ಹೆಸರಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಲಾವುಗೆಗಳ ಕಾಳಗವೂ ಅರಸರ ವಿನೋದಗಳಲ್ಲಿ ಒಂದು. ಆದರೆ ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಹೊಲದ ಹಕ್ಕಿಯಲ್ಲ, ಜಪಾನಿನ ತಳಿ. 1974ರಲ್ಲಿ ಇದನ್ನು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಬರೇಲಿ ಬಳಿಯ ಇಜ್ಜತ್‌ನಗರಕ್ಕೆ ತಂದರು. ಅಲ್ಲಿಂದ ದೇಶದ ಉದ್ದಗಲಕ್ಕೂ ಹರಡಿತು. ಮೊಟ್ಟೆಗೆ ಕಾವು ಕೊಟ್ಟು 17–18 ದಿನಕ್ಕೆ ಮರಿ ಹೊರಗೆ ಬರುತ್ತದೆ. ಆಗ ಅದರ ತೂಕ ಏಳೆಂಟು ಗ್ರಾಂ. ಹಳೆಯ ದಪ್ಪನೆಯ ಐದು ರೂಪಾಯಿ ನಾಣ್ಯವೇ 9 ಗ್ರಾಂ ಇತ್ತು ಎಂದರೆ ನೀವೇ ಊಹಿಸಿಕೊಳ್ಳಿ.

ಮರಿಗಳ ಪೆಟ್ಟಿಗೆ ಹಾಲ್‌ನ ಮೂಲೆಯಲ್ಲಿ, ಟಿವಿ ಪಕ್ಕದಲ್ಲಿ ಕೂತಿತು. ಸಿರುಗುಪ್ಪದ ರೈಸ್ ಮಿಲ್ಲಿನಿಂದ ತರಿಸಿದ ಭತ್ತದ ಹೊಟ್ಟನ್ನು ಕೆಳಗೆ ಹಾಸಿದೆವು. ಮೇಲೆ ಅರವತ್ತು ವ್ಯಾಟಿನ ಬಲ್ಬು ಇಳಿಬಿಟ್ಟೆವು. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ನೀರಿನ ತಟ್ಟೆಗೆ ಮೊಮ್ಮಗಳು ತನ್ನ ಗೋಲಿಗಳನ್ನು ತುಂಬಿದಳು. ಇಲ್ಲದಿದ್ದರೆ ಇಷ್ಟು ಚಿಕ್ಕ ಮರಿಗಳು ಬೆರಳುದ್ದದ ನೀರಲ್ಲೂ ಮುಳುಗಿಬಿಡುತ್ತವೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತನಾಲ್ಕು ವರ್ಷ ದುಡಿದವನು. ಏನು ಬಂದರೂ ಮೊದಲು ಲೆಕ್ಕ ಬರೆಯುವ ಚಾಳಿ. ಮೊಮ್ಮಗಳಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು, ತಾರೀಕು, ಹಾಕಿದ ಕಾಳು, ಹಕ್ಕಿಗಳ ಸಂಖ್ಯೆ ಎಂದು ಗೆರೆ ಹಾಕಿಕೊಟ್ಟೆ. ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅವಳು ಎಣಿಸಿ ‘8’ ಎಂದು ಬರೆದು ಸಹಿ ಮಾಡುತ್ತಿದ್ದಳು. ನಾನು ಕೆಳಗೆ ಸಹಿ ಮಾಡಬೇಕು. ಮೇಲಧಿಕಾರಿ ಅವಳೇ.

ಮೂರು ವಾರವಾಗುವಷ್ಟರಲ್ಲಿ ಮರಿಗಳಿಗೆ ರೆಕ್ಕೆಪುಕ್ಕ ಬಂತು. ಜೊತೆಗೆ ವಾಸನೆಯೂ ಬಂತು. ಟಿವಿ ಮೇಲೆ, ದೇವರ ಪಟದ ಮೇಲೆ ಹೊಟ್ಟಿನ ದೂಳು. ರಾತ್ರಿಯೆಲ್ಲ ಕಿಚಕಿಚ. ಹೆಂಡತಿಗಿಂತ ಮೊದಲು ತಾಳ್ಮೆ ಕಳೆದುಕೊಂಡವನು ನಾನೇ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಗೂಡು ಮಾಡಿಸಿದೆ. ನಾಲ್ಕೂ ಕಡೆ ಕೋಳಿಜಾಲರಿ, ಮೇಲೆ ತಗಡು. ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಇಟ್ಟೆ. ಸಂಕ್ರಾಂತಿಯ ಸಂಜೆ, ಎಳ್ಳುಬೆಲ್ಲ ಹಂಚಿ ಬಂದ ಮೊಮ್ಮಗಳಿಗೆ, “ಪಾಪ, ಪೆಟ್ಟಿಗೆಯಲ್ಲಿ ಎಷ್ಟು ದಿನ ಇರ್ತಾವೆ? ಇವತ್ತಿಂದ ಅವಕ್ಕೆ ಸ್ವಾತಂತ್ರ್ಯ” ಎಂದೆ. ಎಂಟನ್ನೂ ಒಂದೊಂದಾಗಿ ಗೂಡಿಗೆ ಬಿಟ್ಟೆವು. ಬಲ್ಬು ಬಿಚ್ಚಿ ಕಪಾಟಿನಲ್ಲಿಟ್ಟೆ.

ಬಳ್ಳಾರಿ ಎಂದರೆ ಎಲ್ಲರಿಗೂ ಬಿಸಿಲೇ ನೆನಪಾಗುತ್ತದೆ. ನಮ್ಮೂರಿನಲ್ಲೂ ಜನವರಿಯಲ್ಲಿ ಬೆಳಗಿನ ಜಾವ ಸ್ವೆಟರ್ ಬೇಕಾಗುತ್ತದೆ ಎಂಬುದನ್ನು ನಾನೇ ಮರೆತಿದ್ದೆ. ಅವತ್ತು ರಾತ್ರಿ ಗಾಳಿ ಬೀಸಿತು. ನಾನು ಕಂಬಳಿ ಹೊದ್ದು ನಿದ್ದೆ ಮಾಡಿದೆ.

ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋದೆ. ಗೂಡಿನ ಒಂದು ಮೂಲೆಯಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ಚಳಿಯಾದಾಗ ಈ ಹಕ್ಕಿಗಳು ಹಾಗೆ ಮುದ್ದೆಯಾಗುತ್ತವೆ. ಮೇಲಿನವು ಅಲುಗಾಡಿದವು. ಕೆಳಗಿದ್ದ ಎರಡು ಅಲುಗಾಡಲಿಲ್ಲ. ಇನ್ನೊಂದರ ನೆತ್ತಿಯಲ್ಲಿ ರಕ್ತ. ಗೂಡಿನ ಸುತ್ತ ಬೆಕ್ಕಿನ ಹೆಜ್ಜೆ ಇತ್ತು. ಬೆಕ್ಕು ಒಳಗೆ ಬಂದಿರಲಿಲ್ಲ, ಹೊರಗೆ ಸುಳಿದಾಡಿತ್ತು, ಅಷ್ಟೇ. ಬೆದರಿದ ಹಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಗಡಿಗೆ ತಲೆ ಹೊಡೆದುಕೊಂಡಿತ್ತು.

ಬದುಕಿದ ಆರನ್ನು ಪಂಚೆಯಲ್ಲಿ ಸುತ್ತಿ ಒಳಗೆ ತಂದು ಬಲ್ಬು ಹಾಕಿದೆ. ಸತ್ತ ಎರಡನ್ನು ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಹಾರಿ ಹೋದ್ವು ಅಂತ ಹೇಳ್ರಿ. ಮಗು ಅದು, ಯಾಕೆ ಅಳಿಸ್ತೀರಿ?” ಎಂದಳು.

ನನಗೂ ಅದೇ ಸುಲಭ ಎನ್ನಿಸಿತು. ಮಾತನ್ನೂ ಜೋಡಿಸಿಕೊಂಡೆ: ಗೂಡಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಎರಡು ಹಾರಿ ಬಳ್ಳಾರಿ ಗುಡ್ಡದ ಕಡೆ ಹೋದವು.

ಏಳು ಗಂಟೆಗೆ ಮೊಮ್ಮಗಳು ಎದ್ದು ಬಂದಳು. ಪೆಟ್ಟಿಗೆ ಮತ್ತೆ ಒಳಗೆ ಬಂದಿದ್ದನ್ನು ನೋಡಿದಳು. ಎಣಿಸಿದಳು. ಮತ್ತೊಂದು ಸಲ ಎಣಿಸಿದಳು. ಅಳಲಿಲ್ಲ. ನೋಟ್‌ಬುಕ್ ತೆಗೆದು, ಪೆನ್ನು ಹಿಡಿದು, “ತಾತಾ, ಏನಂತ ಬರೀಲಿ?” ಎಂದಳು.

ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂದು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ಹುಡುಕಿದ್ದೇವೆ. ಕಾರಣ ಸಿಗದ ಮೊತ್ತವನ್ನು ಇಡಲು ಸಸ್ಪೆನ್ಸ್ ಖಾತೆ ಎಂದೊಂದು ಇರುತ್ತದೆ. ಕಾರಣ ಗೊತ್ತಿದ್ದೂ ಅದಕ್ಕೆ ತಳ್ಳಿದರೆ ಅದು ಕಳ್ಳ ಲೆಕ್ಕ. ‘ಹಾರಿಹೋದವು’ ಎಂಬುದು ಅಂಥ ಕಳ್ಳ ಲೆಕ್ಕ. ಈ ಮಗುವಿಗೆ ಗೆರೆ ಹಾಕಿಕೊಟ್ಟವನು ನಾನೇ. ಅದರಲ್ಲಿ ಸುಳ್ಳು ಬರೆಸುವುದು ಹೇಗೆ?

“ಎರಡು ಸತ್ತೋದ್ವು ಪುಟ್ಟಿ. ಚಳಿಗೆ. ನಾನು ಆತುರಪಟ್ಟು ಹೊರಗೆ ಹಾಕಿದೆ. ನನ್ನ ತಪ್ಪು” ಎಂದೆ.

“ಸ್ವಾತಂತ್ರ್ಯ ಅಂದ್ರಲ್ಲ?”

“ಅದೂ ಸುಳ್ಳು. ನನಗೆ ವಾಸನೆ ತಡೆಯಕ್ಕೆ ಆಗಲಿಲ್ಲ.”

ಅವಳು ಏನೋ ಬರೆದು, ನೋಟ್‌ಬುಕ್ ಮುಚ್ಚಿ ಸ್ನಾನಕ್ಕೆ ಹೋದಳು. ಅವತ್ತು ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ಸ್ಕೂಲಿನಿಂದ ಬಂದ ಮೇಲೆ ಕರಿಬೇವಿನ ಗಿಡದ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು, ಒಳಗೆ ಬಂದು, “ಉಳಿದ ಆರಕ್ಕೆ ಏನು ಮಾಡ್ಬೇಕು?” ಎಂದು ಕೇಳಿದಳು. ಮರುದಿನ ಗಾಯವಾದ ಹಕ್ಕಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಪಶು ಆಸ್ಪತ್ರೆಗೆ ಹೋದೆವು.

ಡಾಕ್ಟರು ನೆತ್ತಿಗೆ ಮುಲಾಮು ಹಚ್ಚುತ್ತ ಸಮಾಧಾನದಿಂದ ವಿವರಿಸಿದರು. ನಾನು ಒಂದೇ ಸಂಜೆಯಲ್ಲಿ ಹಕ್ಕಿಗಳ ಶಾಖ, ಬೆಳಕು, ಜಾಗ, ಸದ್ದು ನಾಲ್ಕನ್ನೂ ಬದಲಾಯಿಸಿದ್ದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಹೊಸದು ರೂಢಿಯಾದ ಮೇಲೆ ಮುಂದಿನದು. ಹೊರಗಿಡುವ ಮುಂಚೆಯೇ ಮನೆಯೊಳಗೆ ಬಲ್ಬಿಲ್ಲದೆ ರಾತ್ರಿ ಕಳೆಯಲು ಅವು ಕಲಿತಿರಬೇಕು.

ಹಾಗೇ ಮಾಡಿದೆವು. ಮೊದಲು ಬಲ್ಬನ್ನು ದಿನಕ್ಕೆ ನಾಲ್ಕು ಬೆರಳು ಮೇಲೆತ್ತಿದೆವು. ಆಮೇಲೆ ಹಗಲು ಆರಿಸಿದೆವು. ಆಮೇಲೆ ರಾತ್ರಿಯೂ ಆರಿಸಿದೆವು. ಹಕ್ಕಿಗಳು ಚದುರಿಕೊಂಡು ಮಲಗಿದರೆ ಸರಿ, ಒಂದೇ ಕಡೆ ಒತ್ತಿಕೊಂಡರೆ ಚಳಿ ಎಂದು ಅರ್ಥ. ಇದನ್ನು ನೋಡುವ ಕೆಲಸ ಮೊಮ್ಮಗಳದು. ಅದಾದ ಮೇಲೆ ದಿನಾ ಬೆಳಿಗ್ಗೆ ಒಂಬತ್ತರ ಎಳೆಬಿಸಿಲಿಗೆ ಪೆಟ್ಟಿಗೆಯನ್ನೇ ಹಿತ್ತಲಿಗೆ ಒಯ್ದೆ. ಅರ್ಧ ಬಿಸಿಲು, ಅರ್ಧ ನೆರಳು, ಮೇಲೆ ಜಾಲರಿ. ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಆಮೇಲೆ ಮಧ್ಯಾಹ್ನದವರೆಗೆ. ಕುಕ್ಕರ್ ಸೀಟಿಗೆ, ಧಾರಾವಾಹಿಯ ಹಿನ್ನೆಲೆ ಸಂಗೀತಕ್ಕೆ ಬೆಚ್ಚದ ಹಕ್ಕಿಗಳು ಕಾಗೆ ಕೂಗಿದರೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಐದಾರು ದಿನಕ್ಕೆ ಕಾಗೆ ಅವಕ್ಕೆ ಹಳತಾಯಿತು.

ಗೂಡನ್ನೂ ತಿದ್ದಿದೆವು. ಕೋಳಿಜಾಲರಿಯ ಕಣ್ಣು ಒಂದು ಅಂಗುಲ, ಇಲಿ ನುಸುಳಲು ಧಾರಾಳ ಸಾಕು. ಅದನ್ನು ತೆಗೆಸಿ ಅರ್ಧ ಅಂಗುಲದ ವೆಲ್ಡ್ ಜಾಲರಿ ಹಾಕಿಸಿದೆ. ಹೆಗ್ಗಣ ಕೊರೆದು ಬರದಂತೆ ತಳಕ್ಕೂ ಅದನ್ನೇ ಹಾಕಿಸಿ, ಮೇಲೆ ಹೊಟ್ಟು ಹರಡಿದೆವು. ತಗಡಿನ ಕೆಳಗೆ ನನ್ನ ಹಳೆಯ ಪಂಚೆಯನ್ನು ಬಿಗಿದು ಕಟ್ಟಿದೆವು. ಈಗ ಹಕ್ಕಿ ಚಿಮ್ಮಿದರೂ ತಲೆ ಬಟ್ಟೆಗೆ ತಾಗುತ್ತದೆ. ಗಾಳಿ ಬರುವ ಕಡೆ ಗೋಣಿಚೀಲ ಕಟ್ಟಿದೆವು. ಒಂದು ಬಾಂಡ್ಲಿಯಲ್ಲಿ ಬೂದಿ ಬೆರೆಸಿದ ಮರಳು ಇಟ್ಟೆವು. ಈ ಹಕ್ಕಿಗಳಿಗೆ ನೀರಿನ ಸ್ನಾನ ಬೇಡ, ದೂಳಿನ ಸ್ನಾನ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೊಮ್ಮಗಳಿಗೆ ಹೊಳೆಯಿತು. ಪೆಟ್ಟಿಗೆಯ ಹಳೆಯ ತಟ್ಟೆ, ಗೋಲಿ ಹಾಕಿದ ನೀರಿನ ಬಟ್ಟಲು, ಎರಡು ಹಿಡಿ ಹಳೆಯ ಹೊಟ್ಟು, ಮೂರನ್ನೂ ಅವಳು ಹೊಸ ಗೂಡಿನೊಳಗೆ ಇಟ್ಟಳು. “ಊಟದ ತಟ್ಟೆ ಅದೇ ಇದ್ರೆ ಅವಕ್ಕೆ ಭಯ ಆಗಲ್ಲ ತಾತ” ಎಂದಳು. ನಿಜವಾಗಿಯೂ ಹಕ್ಕಿಗಳು ಮೊದಲು ಹೋಗಿ ನಿಂತದ್ದು ಆ ತಟ್ಟೆಯ ಹತ್ತಿರವೇ.

ಹಿತ್ತಲಲ್ಲಿ ಕೂತ ಒಂದು ಸಂಜೆ ಅವಳಿಗೆ ಒಂದು ಸಂಗತಿ ಹೇಳಿದೆ. 1990ರಲ್ಲಿ ರಷ್ಯನ್ನರ ‘ಮಿರ್’ ಬಾಹ್ಯಾಕಾಶ ನಿಲ್ದಾಣದಲ್ಲಿ ಇದೇ ಜಾತಿಯ ಹಕ್ಕಿಯ ಮೊಟ್ಟೆಗಳು ಮರಿಯಾದವು. ಆದರೆ ಅಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲ. ಕಾಲೂರಲು ನೆಲವಿಲ್ಲದೆ ಮರಿಗಳು ತೇಲಾಡಿದವು. ತಾವಾಗಿ ಕಾಳು ತಿನ್ನಲಾಗಲಿಲ್ಲ, ಆ ಜಾಗಕ್ಕೆ ಒಗ್ಗಿಕೊಳ್ಳಲೂ ಆಗಲಿಲ್ಲ. ಅವಳು ಬಹಳ ಹೊತ್ತು ಯೋಚಿಸಿ, “ನಮ್ಮವಕ್ಕೆ ನೆಲ ಇದೆ ಅಲ್ವಾ?” ಎಂದಳು.

ಫೆಬ್ರವರಿ ಎರಡನೇ ವಾರ ಮತ್ತೆ ರಾತ್ರಿ ಹೊರಗೆ ಬಿಟ್ಟೆವು. ಆರೂವರೆ ವಾರದ ತುಂಬು ಹಕ್ಕಿಗಳು. ಆದರೂ ನನಗೆ ಧೈರ್ಯವಿಲ್ಲ. ಗೂಡಿನ ಪಕ್ಕ ಮಡಿಚುವ ಮಂಚ ಹಾಕಿಕೊಂಡು ಮಲಗಿದೆ. ಹೆಂಡತಿ, “ಮಗ ಹುಟ್ಟಿದಾಗಲೂ ಇಷ್ಟು ಎದ್ದು ನೋಡಲಿಲ್ಲ ನೀವು” ಎಂದು ನಕ್ಕಳು. ಬೆಳಿಗ್ಗೆ ಮೊಮ್ಮಗಳು ಹಲ್ಲುಜ್ಜದೆಯೇ ಓಡಿಬಂದು ಎಣಿಸಿದಳು. ಆರು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿತು. ಸಾಮಾನ್ಯವಾಗಿ ಈ ಹಕ್ಕಿಗಳು ಆರು ಏಳನೇ ವಾರಕ್ಕೇ ಮೊಟ್ಟೆ ಇಡುತ್ತವೆ. ನಮ್ಮವು ಪೆಟ್ಟು ತಿಂದವು, ತಡ ಮಾಡಿದವು. ಶಿವರಾತ್ರಿ ಕಳೆದು ನಾಲ್ಕನೇ ದಿನ ಹೊಟ್ಟಿನಲ್ಲಿ ಒಂದು ಮೊಟ್ಟೆ ಸಿಕ್ಕಿತು. ಶಾಯಿ ಚೆಲ್ಲಿದಂಥ ಕಪ್ಪು ಕಲೆ, ತೂಕ ಹತ್ತು ಗ್ರಾಂ. ಎದೆಯ ಮೇಲೆ ಚುಕ್ಕೆಯಿರುವ ನಾಲ್ಕು ಹೆಣ್ಣು, ಕೆಂಗಂದು ಎದೆಯ ಎರಡು ಗಂಡು ಎಂದು ಆಗ ಗೊತ್ತಿತ್ತು. ಮೊಟ್ಟೆಯಿಟ್ಟವಳು ಯಾರು ಎಂಬುದು ಮಾತ್ರ ತಿಳಿಯಲಿಲ್ಲ.

ಏಪ್ರಿಲ್ ಬಂದಾಗ ಪಾಠ ಉಲ್ಟಾ ಆಯಿತು. ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಅದೇ ತಗಡು ಕಾದ ಹೆಂಚಾಗುತ್ತದೆ. ಹಕ್ಕಿಗೆ ಬೆವರಿಲ್ಲ, ಕೊಕ್ಕು ತೆರೆದು ಏದುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಗೋಣಿಚೀಲಕ್ಕೆ ಮಧ್ಯಾಹ್ನ ಮೂರು ಸಲ ನೀರು ಚಿಮುಕಿಸಿ, ನೀರಿನ ಬಟ್ಟಲನ್ನು ಎರಡು ಕಡೆ ಇಟ್ಟು ಬೇಸಿಗೆ ದಾಟಿಸಿದೆವು. ಮೊಟ್ಟೆ ಕಡಿಮೆಯಾಯಿತು, ಹಕ್ಕಿ ಕಡಿಮೆಯಾಗಲಿಲ್ಲ.

ವಾಕಿಂಗ್ ಗೆಳೆಯರೊಬ್ಬರು, “ಪುಣ್ಯ ಬರುತ್ತೆ, ಹೊಲಕ್ಕೆ ಬಿಟ್ಟುಬಿಡಿ ಸಾರ್” ಎಂದರು. ಹಿಂದಾಗಿದ್ದರೆ ನಾನೂ ತಲೆಯಾಡಿಸುತ್ತಿದ್ದೆನೇನೋ. ತಲೆಮಾರುಗಳಿಂದ ಗೂಡಿನಲ್ಲೇ ಬೆಳೆದ ಈ ಹಕ್ಕಿಗೆ ಕಾಳು ಹುಡುಕುವುದೂ ಗೊತ್ತಿಲ್ಲ, ಮುಂಗುಸಿಯಿಂದ ತಪ್ಪಿಸಿಕೊಳ್ಳುವುದೂ ಗೊತ್ತಿಲ್ಲ. ಪಾರಿವಾಳದ ಹಾಗೆ ಮನೆಗೆ ವಾಪಸು ಬರುವುದೂ ಇಲ್ಲ. ನಮ್ಮ ಜೋಳದ ಹೊಲಗಳ ಕಾಡು ಲಾವುಗೆಗಳು ಬೇರೆ. ಅವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಸಾಕುವುದು ಅಪರಾಧ. ಅವನ್ನು ಮನೆಗೆ ತರಬಾರದು, ಇವನ್ನು ಹೊಲಕ್ಕೆ ಬಿಡಬಾರದು. ಗೆಳೆಯರಿಗೆ ಹೀಗೆಲ್ಲ ಹೇಳಿದೆ. ನನ್ನ ‘ಸ್ವಾತಂತ್ರ್ಯ’ದ ಕಥೆಯನ್ನೂ ಹೇಳಿದೆ.

ಮೊನ್ನೆ ಆ ನೋಟ್‌ಬುಕ್ ಮುಗಿಯಿತು. ಹೊಸದಕ್ಕೆ ಗೆರೆ ಹಾಕಿಕೊಡುವಾಗ ಹಳೆಯದನ್ನು ತಿರುವಿದೆ. ಸಂಕ್ರಾಂತಿಯ ಮರುದಿನದ ಸಾಲಿನಲ್ಲಿ ಅವಳ ದುಂಡು ಅಕ್ಷರ: ‘8 – 2 = 6. ಚಳಿ. ತಾತ ತಪ್ಪು ಒಪ್ಪಿಕೊಂಡರು.’ ಕೆಳಗೆ ಅವಳ ಸಹಿ ಇತ್ತು. ಅವತ್ತು ನನ್ನ ಸಹಿ ಹಾಕುವುದು ಬಿಟ್ಟುಹೋಗಿತ್ತು. ಪೆನ್ನು ತೆಗೆದು ಈಗ ಹಾಕಿದೆ.