ಇವತ್ತು ಭಟ್ಟರು ರಜೆಯಾ?

ನ್ಯೂಯಾರ್ಕಿನಲ್ಲಿ ಒಳ್ಳೆಯ ಪಿಜ್ಜಾ ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ದಾರಿ ಕೇಳಿದರೆ ಕಿವಿಯಿಂದ ಇಯರ್‌ಫೋನ್ ತೆಗೆಯದ ಜನ ಈ ಪ್ರಶ್ನೆಗೆ ಮಾತ್ರ ನಿಂತು ಉತ್ತರಿಸುತ್ತಾರೆ. ಇಬ್ಬರ ಉತ್ತರ ಒಂದೇ ಆಗಿದ್ದನ್ನು ನಾನಂತೂ ಕಂಡಿಲ್ಲ. ಬೆಂಗಳೂರಿನಲ್ಲಿ ಮಸಾಲೆದೋಸೆಯ ಮಾತು ತೆಗೆದರೆ ಆಗುವುದೂ ಹೀಗೆಯೇ. ಒಬ್ಬರು ವಿದ್ಯಾರ್ಥಿ ಭವನ ಅಂದರೆ ಇನ್ನೊಬ್ಬರು ಸಿಟಿಆರ್ ಅನ್ನುತ್ತಾರೆ, ಮೂರನೆಯವರು ಇಬ್ಬರನ್ನೂ ಕನಿಕರದಿಂದ ನೋಡಿ ತಮ್ಮ ಬಡಾವಣೆಯ ದರ್ಶಿನಿಯೊಂದರ ಹೆಸರು ಹೇಳುತ್ತಾರೆ.

ನಾನು ಇಲ್ಲಿ ಪಿಎಚ್.ಡಿ. ಮಾಡಲು ಬಂದು ನಾಲ್ಕು ವರ್ಷವಾಯಿತು. ವಿಷಯ ಚರಿತ್ರೆ. ಕರಾವಳಿಯಿಂದ ಮುಂಬಯಿಯ ಹೋಟೆಲುಗಳಿಗೆ ಹೋದ ಕೆಲಸಗಾರರ ಬಗ್ಗೆ ಬರೆಯುತ್ತಿದ್ದೇನೆ. ತಿಂಗಳ ಫೆಲೋಶಿಪ್ಪಿನಲ್ಲಿ ಬಾಡಿಗೆ ಕಳೆದು ಉಳಿಯುವುದರಲ್ಲಿ ಹೊರಗೆ ತಿನ್ನಬಹುದಾದದ್ದು ಎಂದರೆ ಪಿಜ್ಜಾದ ಸ್ಲೈಸ್. ಹದಿನೆಂಟು ಅಂಗುಲ ಅಗಲದ ಪಿಜ್ಜಾವನ್ನು ಎಂಟು ತುಂಡು ಮಾಡಿ ಗಾಜಿನ ಹಿಂದೆ ಇಟ್ಟಿರುತ್ತಾರೆ. ಬೇಕಾದ ತುಂಡನ್ನು ತೋರಿಸಿದರೆ ಒಲೆಗೆ ತಳ್ಳಿ, ಬಿಸಿ ಮಾಡಿ, ಕಾಗದದ ತಟ್ಟೆಯಲ್ಲಿ ಕೊಡುತ್ತಾರೆ. ಅದನ್ನು ಉದ್ದಕ್ಕೆ ಮಡಚಿ, ಎಣ್ಣೆ ಅಂಗಿಯ ಮೇಲೆ ಬೀಳದಂತೆ ಸ್ವಲ್ಪ ಮುಂದಕ್ಕೆ ಬಾಗಿ, ನಿಂತೇ ತಿನ್ನಬೇಕು. ಇದಕ್ಕೊಂದು ಅರ್ಥಶಾಸ್ತ್ರವೂ ಇದೆ. 1980ರಲ್ಲಿ ಎರಿಕ್ ಬ್ರ್ಯಾಮ್ ಎಂಬುವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಸಂಗತಿ ಬರೆದರು: 1960ರ ದಶಕದಿಂದ ಒಂದು ಸ್ಲೈಸಿನ ಬೆಲೆಯೂ ಸಬ್‌ವೇ ರೈಲಿನ ಟಿಕೆಟ್ಟಿನ ಬೆಲೆಯೂ ಜೊತೆಜೊತೆಗೇ ಏರುತ್ತ ಬಂದಿವೆ. ಊರಿನ ಜನ ಇದನ್ನು ಪಿಜ್ಜಾ ಸಿದ್ಧಾಂತ ಅನ್ನುತ್ತಾರೆ. 2023ರಲ್ಲಿ ಟಿಕೆಟ್ಟು 2.90 ಡಾಲರಿಗೆ ಏರಿತು. ಹೆಸರಾದ ಅಂಗಡಿಗಳ ಸ್ಲೈಸ್ ಅದನ್ನೂ ದಾಟಿ ಮುಂದೆ ಹೋಗಿದೆ.

ಒಳ್ಳೆಯ ಪಿಜ್ಜಾ ಹುಡುಕುವ ಕೆಲಸವನ್ನು ನಾವಿಬ್ಬರು ಶುರು ಮಾಡಿದೆವು, ನಾನು ಮತ್ತು ಶಿವಮೊಗ್ಗ ಕಡೆಯ ನನ್ನ ರೂಮ್‌ಮೇಟ್. ಅವನದು ಗಣಿತ. ಸಂಶೋಧನಾ ವಿದ್ಯಾರ್ಥಿಗಳ ಕೈಗೆ ಏನು ಸಿಕ್ಕರೂ ಅದಕ್ಕೊಂದು ಕೋಷ್ಟಕ ಮಾಡುವುದು ರೂಢಿಯಷ್ಟೆ? ಅಂಗಡಿ, ಬಡಾವಣೆ, ಬೆಲೆ, ತಳ ಎಷ್ಟು ಗರಿಗರಿ, ಸಾಸ್ ಎಷ್ಟು ಹುಳಿ, ಚೀಸ್ ಎಷ್ಟು, ಒಟ್ಟು ಅಂಕ. ಎಷ್ಟು ಅಂಗಡಿ ತಿಂದ ಮೇಲೆ ತೀರ್ಪು ಕೊಡಬಹುದು ಎಂದು ಕೇಳಿದಾಗ ಅವನು ಹೆಣ್ಣು ನೋಡುವ ಲೆಕ್ಕವೊಂದನ್ನು ಹೇಳಿದ. ಬರುವ ಸಂಬಂಧಗಳಲ್ಲಿ ಮೊದಲ ಶೇಕಡಾ 37ನ್ನು ಸುಮ್ಮನೆ ನೋಡಿ ಬಿಟ್ಟುಬಿಡಬೇಕಂತೆ. ಆಮೇಲೆ ಅವೆಲ್ಲಕ್ಕಿಂತ ಚೆನ್ನಾಗಿರುವುದು ಬಂದ ಕೂಡಲೇ ಒಪ್ಪಿಕೊಳ್ಳಬೇಕಂತೆ. “ಆದರೆ ಒಂದು ಷರತ್ತು. ಬಿಟ್ಟ ಸಂಬಂಧಕ್ಕೆ ಮತ್ತೆ ಹೋಗುವ ಹಾಗಿಲ್ಲ. ಪಿಜ್ಜಾ ಅಂಗಡಿಗಾದರೆ ನಾಳೆಯೂ ಹೋಗಬಹುದು, ಹಾಗಾಗಿ ಈ ಲೆಕ್ಕ ಇಲ್ಲಿ ನಡೆಯಲ್ಲ” ಎಂದು ಅವನೇ ಅದನ್ನು ತಳ್ಳಿಹಾಕಿದ. ಅಂಗಡಿಗೇನೋ ನಾಳೆಯೂ ಹೋಗಬಹುದು. ಅದೇ ಪಿಜ್ಜಾ ಸಿಗುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ.

ಶನಿವಾರಗಳು ಹೀಗೆ ಕಳೆದವು. ಗ್ರೆನಿಚ್ ವಿಲೇಜಿನ ಕಾರ್ಮೈನ್ ಬೀದಿಯಲ್ಲಿರುವ ಜೋಸ್ ಪಿಜ್ಜಾಕ್ಕೆ ಹೋದೆವು. 1975ರ ಅಂಗಡಿ, ತೆಳ್ಳಗಿನ ತಳ, ಮಧ್ಯರಾತ್ರಿಯಲ್ಲೂ ಸಾಲು. ರೈಲಿನ ಕೊನೆಯ ನಿಲ್ದಾಣ ಕೋನಿ ಐಲೆಂಡಿಗೆ ಹೋಗಿ ಟೊಟಾನೋಸ್ ಹುಡುಕಿದೆವು. ಅದು 1924ರದು. ಅಲ್ಲಿ ಸ್ಲೈಸ್ ಇಲ್ಲ, ಇಡೀ ಪಿಜ್ಜಾವನ್ನೇ ಕೊಳ್ಳಬೇಕು. ಕಲ್ಲಿದ್ದಲಿನ ಒಲೆಯ ಬಿಸಿ ಗ್ಯಾಸಿನ ಒಲೆಯ ಬಿಸಿಗಿಂತ ಬಹಳ ಹೆಚ್ಚು. ಕೆಲವೇ ನಿಮಿಷದಲ್ಲಿ ಅಂಚು ಅಲ್ಲಲ್ಲಿ ಕಪ್ಪಾಗುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ. ನಮ್ಮೂರಿನ ಕಟ್ಟಿಗೆ ಒಲೆಯ ಮೇಲಿನ ದೋಸೆಗೂ ಗ್ಯಾಸಿನ ದೋಸೆಗೂ ಇರುವ ವ್ಯತ್ಯಾಸವನ್ನು ನೆನೆದರೆ ಇದು ಅರ್ಥವಾಗುತ್ತದೆ.

ಪ್ರತಿ ಬಾರಿ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದೆ. ಅಮ್ಮನದು ಒಂದೇ ಪ್ರಶ್ನೆ, “ಮೊಟ್ಟೆ ಗಿಟ್ಟೆ ಇಲ್ಲ ತಾನೇ?” ಅಪ್ಪ ಬೆಲೆ ಕೇಳಿ ರೂಪಾಯಿಗೆ ಪರಿವರ್ತಿಸಿ ನಿಟ್ಟುಸಿರು ಬಿಡುತ್ತಿದ್ದರು. ಕೋಟದ ಹತ್ತಿರ ನಮ್ಮ ಮೂಲ ಮನೆಯಲ್ಲಿರುವ ಅಜ್ಜಿಗೆ ಚಿಕ್ಕಪ್ಪ ತಮ್ಮ ಫೋನಿನಲ್ಲಿ ಆ ಫೋಟೊ ತೋರಿಸುತ್ತಿದ್ದರು. ಅಜ್ಜಿ ಕೇಳಿದ್ದು ಬೇರೆ:

“ಅದನ್ ಮಾಡುದ್ ಯಾರ್ ಮಗಾ?”

ಅಂಗಡಿಯ ಹೆಸರು ಹೇಳಿದೆ. “ಅಂಗ್ಡಿ ಹೆಸ್ರ್ ಅಲ್ಲ, ಮಾಡುವವ ಯಾರ್?” ಎಂದರು.

ಅಜ್ಜಿ ಹಾಗೆ ಕೇಳುವುದಕ್ಕೆ ಕಾರಣವಿದೆ. ನನ್ನ ಅಜ್ಜ ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಉಡುಪಿ ಹೋಟೆಲೊಂದನ್ನು ಸೇರಿದವರು. ಮೊದಲು ಲೋಟ ತೊಳೆದರು, ಆಮೇಲೆ ಟೇಬಲ್ ಒರೆಸಿದರು, ಸಪ್ಲೈಯರ್ ಆದರು, ಕೊನೆಗೆ ಅಡುಗೆಮನೆ ಸೇರಿ ದೋಸೆಯ ಭಟ್ಟರಾದರು. ಆ ಕಾಲದಲ್ಲಿ ಹೋಟೆಲಿನ ಅಡುಗೆಮನೆಯ ಬಾಗಿಲು ಜಾತಿ ನೋಡಿಯೇ ತೆರೆಯುತ್ತಿತ್ತು. ಅಜ್ಜನಿಗೆ ತೆರೆಯಿತು. ಅವರ ಜೊತೆಗೇ ಬಸ್ಸು ಹತ್ತಿದ ಎಷ್ಟೋ ಹುಡುಗರು ಲೋಟದ ಬಳಿಯೇ ಉಳಿದರು. ಮೂವತ್ತು ವರ್ಷ ಅಜ್ಜ ಅದೇ ಕಾವಲಿಯ ಮುಂದೆ ನಿಂತರು. ಮಳೆಗಾಲದಲ್ಲಿ ಹಿಟ್ಟು ಹುಳಿ ಬರುವುದಿಲ್ಲವೆಂದು ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಎಳೆದಿಡುವುದು, ಮೇ ತಿಂಗಳಲ್ಲಿ ಬೇಗ ಹುಳಿಯಾಗುತ್ತದೆಂದು ರಾತ್ರಿ ತಡವಾಗಿ ರುಬ್ಬುವುದು, ಇವನ್ನೆಲ್ಲ ಅವರು ಎಲ್ಲಿಯೂ ಬರೆದಿಡಲಿಲ್ಲ. ಅವರ ಕೈಗೆ ಗೊತ್ತಿತ್ತು. ಅಜ್ಜ ವರ್ಷಕ್ಕೊಮ್ಮೆ ಊರಿಗೆ ಬಂದಾಗ ಹೋಟೆಲಿನ ಖಾಯಂ ಗಿರಾಕಿಗಳು ದೋಸೆಯ ಮೊದಲ ತುತ್ತು ಬಾಯಿಗಿಟ್ಟು ಸಪ್ಲೈಯರನನ್ನು ಕೇಳುತ್ತಿದ್ದರಂತೆ: “ಇವತ್ತು ಭಟ್ಟರು ರಜೆಯಾ?” ಇದು ಅಜ್ಜ ತಮ್ಮ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಒಂದೇ ಮಾತು.

ಆ ಹೋಟೆಲು ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತಂದಿತ್ತು. ನನ್ನ ಸಂಶೋಧನೆಯ ಎರಡನೆಯ ವರ್ಷ ಅದರ ಪ್ರತಿ ಸಿಕ್ಕಿತು. ಮಾಲೀಕರ ಫೋಟೊ ಇದೆ, ಅವರ ತಂದೆಯ ಹಾರ ಹಾಕಿದ ಫೋಟೊ ಇದೆ, ಗಣ್ಯರ ಶುಭಾಶಯಗಳಿವೆ. “ನಮ್ಮ ಮಸಾಲೆದೋಸೆಯನ್ನು ಮೆಚ್ಚದವರಿಲ್ಲ” ಎಂಬ ಅರ್ಥದ ಮಾತು ಮೂರು ಕಡೆ ಇದೆ. ದೋಸೆ ಹೊಯ್ದವರ ಹೆಸರು ಒಂದು ಕಡೆಯೂ ಇಲ್ಲ. ನಾನು ಆ ಸಂಚಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಎರಡು ಸಲ ಓದಿದೆ.

ಅಜ್ಜಿಯ ಪ್ರಶ್ನೆ ತಲೆಯಲ್ಲಿ ಕೂತ ಮೇಲೆ ನ್ಯೂಯಾರ್ಕಿನ ಪಿಜ್ಜಾದ ಕತೆ ಓದುವ ಕ್ರಮ ಬದಲಾಯಿತು. ಅಮೆರಿಕದ ಮೊದಲ ಪಿಜ್ಜಾ ಅಂಗಡಿ ಲೊಂಬಾರ್ಡೀಸ್, ಸ್ಪ್ರಿಂಗ್ ಬೀದಿಯಲ್ಲಿ ಜೆನ್ನಾರೊ ಲೊಂಬಾರ್ಡಿ 1905ರಲ್ಲಿ ತೆರೆದದ್ದು ಎಂದು ಬಹಳ ಕಡೆ ಬರೆದಿರುತ್ತದೆ. ಪೀಟರ್ ರೇಗಾಸ್ ಎಂಬ ಸಂಶೋಧಕರು ಹಳೆಯ ಪತ್ರಿಕೆ, ದಾಖಲೆಗಳನ್ನೆಲ್ಲ ಜಾಲಾಡಿ 2019ರಲ್ಲಿ ಬೇರೆ ಹೆಸರೊಂದನ್ನು ಮುಂದಿಟ್ಟರು: ಫಿಲಿಪ್ಪೊ ಮಿಲೋನೆ. ಲೊಂಬಾರ್ಡಿಗೂ ಮೊದಲೇ, 1890ರ ದಶಕದ ಕೊನೆಯ ಹೊತ್ತಿಗೆ, ಅದೇ ಜಾಗದಲ್ಲಿ ಪಿಜ್ಜಾ ಅಂಗಡಿ ಶುರುಮಾಡಿದ್ದು ಈತ ಎನ್ನುವುದು ಅವರ ವಾದ. ಮಿಲೋನೆ ತೀರಿಕೊಂಡದ್ದು 1924ರಲ್ಲಿ. ಲೊಂಬಾರ್ಡೀಸಿನ ಒಲೆಯ ಮುಂದೆ ಕೆಲಸ ಮಾಡುತ್ತಿದ್ದ ಆಂತೊನಿ ಪೆರೊ ಹೊರಬಂದು ಕೋನಿ ಐಲೆಂಡಿನಲ್ಲಿ ಟೊಟಾನೋಸ್ ತೆರೆದದ್ದೂ ಅದೇ ವರ್ಷ. ಟೊಟಾನೊ ಅವನ ಅಡ್ಡಹೆಸರು. ಸ್ವಂತ ಅಂಗಡಿ ಇಟ್ಟಿದ್ದರಿಂದ ಅವನ ಹೆಸರು ಬೋರ್ಡಿನ ಮೇಲೆ ನೂರು ವರ್ಷ ಉಳಿಯಿತು.

ಇನ್ನು ರೇ ಎಂಬಾತನ ಕತೆ. ಈ ಊರಿನಲ್ಲಿ ರೇಸ್ ಪಿಜ್ಜಾ, ಫೇಮಸ್ ರೇಸ್, ಒರಿಜಿನಲ್ ರೇಸ್, ವರ್ಲ್ಡ್ ಫೇಮಸ್ ಒರಿಜಿನಲ್ ರೇಸ್ ಎಂದೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಅಂಗಡಿಗಳು ಹತ್ತಾರು ಇದ್ದವು. 1959ರಲ್ಲಿ ಪ್ರಿನ್ಸ್ ಬೀದಿಯಲ್ಲಿ ಮೊದಲ ರೇಸ್ ತೆರೆದವನ ಹೆಸರು ನೋಡಿದರೆ ರಾಲ್ಫ್ ಕ್ವೋಮೊ! ನಮ್ಮಲ್ಲಿ ಹೋಟೆಲಿನ ಹೆಸರಿನ ಹಿಂದೆ ‘ಉಡುಪಿ’ ಸೇರಿಸುವುದಕ್ಕೆ ಉಡುಪಿಗೆ ಹೋಗಿ ಬಂದಿರಬೇಕೆಂಬ ನಿಯಮ ಹೇಗೆ ಇಲ್ಲವೋ ಹಾಗೆಯೇ ಇದು.

ಮಾಡುವ ಕೈಯೂ ಅಂಗಡಿಯ ಹೆಸರೂ ಕೂಡಿಯೇ ಇದ್ದದ್ದಕ್ಕೆ ಎಲ್ಲರೂ ಹೇಳುವ ಉದಾಹರಣೆ ಡಾಮ್ ಡಿಮಾರ್ಕೊ. ಇಟಲಿಯ ಕಸೆರ್ತಾ ಸೀಮೆಯಿಂದ ಬಂದವರು. ಬ್ರೂಕ್ಲಿನ್ನಿನ ಅವೆನ್ಯೂ ಜೆಯಲ್ಲಿ 1960ರ ದಶಕದಲ್ಲಿ ಡಿ ಫಾರಾ ತೆರೆದು, ದಶಕಗಳ ಕಾಲ ಒಂದೊಂದು ಪಿಜ್ಜಾವನ್ನೂ ತಾವೇ ಮಾಡಿದರು. ಗಂಟೆಗಟ್ಟಲೆ ಸಾಲು ಇದ್ದರೂ ಅವಸರವಿಲ್ಲ. ಬೆಂದ ಪಿಜ್ಜಾದ ಮೇಲೆ ತುಳಸಿಯ ಜಾತಿಯ ಬೇಸಿಲ್ ಎಲೆಯನ್ನು ಕತ್ತರಿಯಿಂದ ಕತ್ತರಿಸಿ ಉದುರಿಸುತ್ತಿದ್ದರು, ಬಿಸಿ ಒಲೆಯೊಳಕ್ಕೆ ಬರಿಗೈ ಹಾಕುತ್ತಿದ್ದರು. 2022ರಲ್ಲಿ ತೀರಿಕೊಂಡರು. ಈಗ ಅಲ್ಲಿಗೆ ಹೋದವರೆಲ್ಲ ಕೇಳುವ ಪ್ರಶ್ನೆ, ಮುದುಕನಿದ್ದಾಗಿನ ರುಚಿ ಇದೆಯೇ ಎಂದು. ಮಾಡುತ್ತಿದ್ದವರು ಯಾರೆಂದು ಗೊತ್ತಿತ್ತು, ಅದಕ್ಕೇ ಈ ಪ್ರಶ್ನೆ. ಉಳಿದ ಸಾವಿರಾರು ಅಂಗಡಿಗಳಲ್ಲಿ ಕೈ ಬದಲಾದರೂ ಪಟ್ಟಿಯಲ್ಲಿ ಸ್ಥಾನ ಹಾಗೆಯೇ ಇರುತ್ತದೆ.

ನಮ್ಮ ಕೋಷ್ಟಕಕ್ಕೆ ಇನ್ನೊಂದು ಅಂಕಣ ಸೇರಿತು: ‘ಒಲೆಯ ಮುಂದೆ ಯಾರು?’ ಅಂಕ ಕೊಡಲಾಗದ ಅಂಕಣ ಯಾಕೆ ಎಂದು ರೂಮ್‌ಮೇಟ್ ತಕರಾರು ತೆಗೆದ. ಆದರೂ ಕೇಳುತ್ತ ಹೋದೆವು. ಇಟಲಿಯ ಬಾವುಟದ ಮೂರು ಬಣ್ಣ ಹಚ್ಚಿದ ಅಂಗಡಿಗಳ ಒಳಗೆ ಮೆಕ್ಸಿಕೊದವರಿದ್ದರು, ಈಕ್ವೆಡಾರಿನವರಿದ್ದರು, ಒಂದು ಕಡೆ ಸಿಲ್ಹೆಟ್ಟಿನ ಬಂಗಾಳಿಯೊಬ್ಬರಿದ್ದರು. ಇಟಲಿಯಿಂದ ವಲಸೆ ಬಂದವರು ಊಟಕ್ಕೆ ಮಾಡಿಕೊಂಡದ್ದನ್ನು ಆಮೇಲೆ ವಲಸೆ ಬಂದವರು ಕೂಲಿಗೆ ಮಾಡುತ್ತಿದ್ದಾರೆ. ಬೆಂಗಳೂರಿನ ಎಷ್ಟೋ ಹೋಟೆಲುಗಳಲ್ಲಿ ಈಗ ದೋಸೆ ಹೊಯ್ಯುವವರು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗರು. ಗಲ್ಲಾದ ಹಿಂದಿನ ದೇವರ ಪಟ ಮಾತ್ರ ಹಳೆಯದೇ.

ನಮ್ಮ ಕ್ಯಾಂಪಸ್ಸಿನ ಹತ್ತಿರದ ಅಂಗಡಿಯಲ್ಲಿದ್ದವರು ಮೆಕ್ಸಿಕೊದ ಪುಯೆಬ್ಲಾದವರು, ಐವತ್ತರ ಆಸುಪಾಸಿನ ಗಿಡ್ಡ ಆಸಾಮಿ. ಯಾವ ಪಟ್ಟಿಯಲ್ಲೂ ಇಲ್ಲದ ಅಂಗಡಿ ಅದು. ರೂಮ್‌ಮೇಟ್ ಮಾತ್ರ ಅದಕ್ಕೆ ಟೊಟಾನೋಸಿಗಿಂತ ಅರ್ಧವೇ ಅಂಕ ಕಡಿಮೆ ಕೊಟ್ಟಿದ್ದ. ಮಧ್ಯಾಹ್ನ ಮೂರರ ಮೇಲೆ ಜನ ಕಡಿಮೆ, ಮಾತಿಗೆ ಸಿಗುತ್ತಿದ್ದರು. ನನ್ನ ಇಂಗ್ಲಿಷ್ ಅವರಿಗೆ ವೇಗ, ಅವರ ಸ್ಪ್ಯಾನಿಷ್ ನನಗೆ ಬಾರದು. ಕೈಸನ್ನೆಯಲ್ಲೇ ನಡೆಯುತ್ತಿತ್ತು. ನಾದಿದ ಹಿಟ್ಟಿನ ಉಂಡೆಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಒಂದೆರಡು ದಿನ ಮಲಗಿಸಬೇಕು. ಹೊರಗೆ ಮಳೆಯಿದ್ದರೆ ನೀರು ಕಡಿಮೆ ಹಾಕಬೇಕು. ಜುಲೈ ತಿಂಗಳಲ್ಲಿ ಯೀಸ್ಟ್ ಕಡಿಮೆ. “ಪುಸ್ತಕದಲ್ಲಿ ಅಳತೆ ಇದೆ, ಆದರೆ ಹಿಟ್ಟು ಪುಸ್ತಕ ಓದಿಲ್ಲ” ಎಂದು ನಕ್ಕರು. ಉಂಡೆಯ ಮೇಲೆ ಎರಡು ಬೆರಳು ಒತ್ತಿ, ಅದು ನಿಧಾನವಾಗಿ ಮೇಲೇಳುವುದನ್ನು ನನಗೆ ತೋರಿಸಿದರು.

ಕಳೆದ ಚಳಿಗಾಲದ ಒಂದು ದಿನ ಅಲ್ಲಿ ಸ್ಲೈಸ್ ತೆಗೆದುಕೊಂಡು ಮಡಚಿದೆ. ತಳ ಎರಡಾಗಿ ಮುರಿಯಿತು. ಒಲೆಯ ಮುಂದೆ ಬೇರೆ ಹುಡುಗನಿದ್ದ. ಗಲ್ಲಾದಲ್ಲಿದ್ದವನನ್ನು ಕೇಳಿದೆ, ಇವತ್ತು ಅವರು ರಜೆಯೇ ಎಂದು. ಅವನು ತಲೆಯೆತ್ತಿ ನೋಡಿದ. ಕೆಲಸ ಬಿಟ್ಟು ಎರಡು ವಾರವಾಯಿತಂತೆ. ಗಂಟೆಗೆ ಒಂದು ಡಾಲರ್ ಹೆಚ್ಚು ಕೊಡುತ್ತಾರೆಂದು ಕ್ವೀನ್ಸಿನ ಅಂಗಡಿಗೆ ಹೋದರಂತೆ. ವಿಳಾಸ ಕೇಳಿದಾಗ ಎರಡು ಬೀದಿಗಳ ಹೆಸರನ್ನು ಕಾಗದದ ತಟ್ಟೆಯ ಹಿಂದೆ ಬರೆದುಕೊಟ್ಟ. ಎರಡು ವಾರದಲ್ಲಿ ಅವರನ್ನು ಕೇಳಿಕೊಂಡು ಬಂದವರು ನಾನು ಸೇರಿ ನಾಲ್ಕು ಜನ ಎಂದ.

ಶನಿವಾರ 7ನೇ ನಂಬರಿನ ರೈಲು ಹಿಡಿದು ಇಬ್ಬರೂ ಹೋದೆವು. ಅಂಗಡಿ ಚಿಕ್ಕದು, ಗ್ಯಾಸಿನ ಹಳೆಯ ಒಲೆ. ಅವರೇ ಇದ್ದರು. ನಮ್ಮನ್ನು ಕಂಡು ಹುಬ್ಬೇರಿಸಿದರು. “ಈ ಒಲೆಯ ಎಡಭಾಗ ಹೆಚ್ಚು ಬಿಸಿ, ಇನ್ನೂ ಅಭ್ಯಾಸ ಆಗಬೇಕು” ಎಂದು ಮೊದಲೇ ಹೇಳಿದರು. ಸ್ಲೈಸ್ ಮಡಚಿದರೆ ಮುರಿಯಲಿಲ್ಲ. ಒಂದು ಅಂಚು ಸ್ವಲ್ಪ ಹೆಚ್ಚು ಕಂದಿತ್ತು. ರೂಮ್‌ಮೇಟ್ ಹಳೆಯದಕ್ಕಿಂತ ಕಾಲು ಅಂಕ ಕಡಿಮೆ ಕೊಟ್ಟು, “ಎಡಭಾಗ ಸರಿಯಾದ ಮೇಲೆ ಮತ್ತೆ ಬರೋಣ” ಎಂದ. ಅವರ ಒಪ್ಪಿಗೆ ಪಡೆದು ಒಲೆಯ ಮುಂದೆ ನಿಂತ ಫೋಟೊವೊಂದನ್ನು ಊರಿಗೆ ಕಳಿಸಿದೆ. ಅಜ್ಜಿ ಪಿಜ್ಜಾದ ಬಗ್ಗೆ ಏನೂ ಹೇಳಲಿಲ್ಲ. “ಇವ್ರಿಗೂ ಕಾಲ್ ನೋವ್ ಇರುತ್ತ್, ದಿನಾ ನಿಂತ್ಕಂಡೇ ಅಲ್ದಾ?” ಎಂದರು.

ಈಗ ಪ್ರಬಂಧದ ಮೂರನೆಯ ಅಧ್ಯಾಯ ನಡೆಯುತ್ತಿದೆ. ಕೋಟ, ಕುಂದಾಪುರ, ಬೈಂದೂರು ಕಡೆಯ ಹಿರಿಯರಿಗೆ ವಾರಕ್ಕೆ ಎರಡು ದಿನ ಫೋನು ಮಾಡುತ್ತೇನೆ. ನೀವು ಯಾವ ಹೋಟೆಲಿನಲ್ಲಿದ್ದಿರಿ ಎಂದು ಕೇಳಿ, ನಿಮ್ಮ ಕಾಲದಲ್ಲಿ ಅಲ್ಲಿ ಕಾವಲಿಯ ಮುಂದೆ ಯಾರಿದ್ದರು, ಸಾಂಬಾರು ಯಾರದು, ಕಾಫಿ ಯಾರದು, ಲೋಟ ಯಾರು ತೊಳೆಯುತ್ತಿದ್ದರು ಎಂದು ಕೇಳುತ್ತೇನೆ. ಎಪ್ಪತ್ತು ದಾಟಿದವರಿಗೂ ಹೆಸರುಗಳು ಥಟ್ಟನೆ ನೆನಪಾಗುತ್ತವೆ. ಅಧ್ಯಾಯದ ಕೊನೆಯಲ್ಲಿ ಒಂದು ಪಟ್ಟಿ ಬೆಳೆಯುತ್ತಿದೆ, ಇಲ್ಲಿಯವರೆಗೆ ನಲವತ್ತೊಂದು ಹೆಸರು. ಮೂರನೆಯ ಸಾಲು ಅಜ್ಜನದು. ಅವರ ಹೆಸರಿನ ಮುಂದೆ, ಹೋಟೆಲಿಗೂ ಮೊದಲು, ‘ದೋಸೆ’ ಎಂದು ಬರೆದಿದ್ದೇನೆ.